ಹಿತ್ತಲ ಬಾಗಿಲು ತೆರೆದಿದ್ದರೆ ಕನ್ಸರ್ವೆನ್ಸಿಗೆ ಜೀವ

ಮಲ್ಲೇಶ್ವರದಲ್ಲಿ ಹಳಬರನ್ನು ಯಾರನ್ನಾದರೂ ದಾರಿ ಕೇಳಿ. 'ಸುತ್ತಿಕೊಂಡು ಯಾಕೆ ಹೋಗ್ತೀರ, ಕನ್ಸರ್ವೆನ್ಸೀಲಿ ನುಗ್ಗಿಬಿಡಿ' ಅನ್ನುತ್ತಾರೆ. ರಸ್ತೆಯಲ್ಲಿ ನಾವು ಹೋಗುತ್ತೇವೆ. ಕನ್ಸರ್ವೆನ್ಸಿಯಲ್ಲಿ ಮಾತ್ರ ನುಗ್ಗುತ್ತೇವೆ. ಆ ಒಂದು ಮಾತಿನಲ್ಲೇ ಸಲುಗೆ ಎಷ್ಟಿದೆ ನೋಡಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಒಂದು ಸಾಲಿನ ಮುಂಬಾಗಿಲು ಒಂದು ಅಡ್ಡರಸ್ತೆಗೆ, ಇನ್ನೊಂದರದ್ದು ಪಕ್ಕದ ಅಡ್ಡರಸ್ತೆಗೆ. ನಡುವೆ, ಹಿತ್ತಲು ಹಿತ್ತಲುಗಳ ಮಧ್ಯೆ, ಉದ್ದಕ್ಕೆ ಒಂದು ಕಿರಿದಾದ ದಾರಿ. ಅದೇ ಕನ್ಸರ್ವೆನ್ಸಿ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಇವೆ. ಮೈಸೂರಿನ ಹಳೆಯ ಬಡಾವಣೆಗಳಲ್ಲೂ ಇವೆ. ಹುಣ್ಣಿಮೆ ರಾತ್ರಿ ಕರಗ ಹೋಗುವ ಪೇಟೆಯ ಗಲ್ಲಿಗಳೇ ಬೇರೆ, ಇವೇ ಬೇರೆ. ಪೇಟೆಯ ಗಲ್ಲಿಗೆ ಮನೆಗಳು, ಅಂಗಡಿಗಳು ಮುಖ ಮಾಡಿ ನಿಂತಿವೆ. ಕನ್ಸರ್ವೆನ್ಸಿಗೆ ಎಲ್ಲವೂ ಬೆನ್ನು ಮಾಡಿವೆ.

ಬೆನ್ನು ಮಾಡಿದ ಕಡೆ ಇಷ್ಟು ಜೀವ ಹೇಗೆ ಬಂತು? ಈಗ ಅದು ಯಾಕೆ ಹೋಗುತ್ತಿದೆ? ಈ ಎರಡು ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿವೆ.

ನನಗೆ ಪರಿಚಯದ ಒಂದು ಕನ್ಸರ್ವೆನ್ಸಿ ಇದೆ. ಅದರ ಬಾಯಲ್ಲಿ ಒಂದು ಹೊಂಗೆ ಮರ. ಕೆಳಗೆ ಇಸ್ತ್ರಿ ಅಕ್ಕನ ಮೇಜು. ಬೆಳಿಗ್ಗೆ ಏಳೂವರೆಗೆಲ್ಲ ಅವರು ಇದ್ದಿಲು ಹೊತ್ತಿಸಿ, ರಟ್ಟಿನ ತುಂಡಿನಲ್ಲಿ ಗಾಳಿ ಹಾಕುತ್ತಾ ಕೂತಿರುತ್ತಾರೆ. ಕೆಂಡ ಕೆಂಪಾದ ಮೇಲೆ ಪೆಟ್ಟಿಗೆಗೆ ತುಂಬಿ, ಒದ್ದೆ ಬಟ್ಟೆಯ ಮೇಲೆ ಒಮ್ಮೆ ಒತ್ತಿ ನೋಡುತ್ತಾರೆ. ಚುಸ್ ಅಂದರೆ ಶುರು. ಬಟ್ಟೆ ಗಂಟುಗಳಿಗೆ ಅವರು ಚೀಟಿ ಅಂಟಿಸುವುದಿಲ್ಲ. ಯಾವ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ್ದಾರೆ ಅನ್ನುವುದರ ಮೇಲೆ ಯಾರ ಮನೆಯದ್ದು ಅಂತ ಗೊತ್ತು. ನೀಲಿ ಚುಕ್ಕೆಯದ್ದು ಮೇಷ್ಟ್ರ ಮನೆ. ಹಸಿರು ಅಂಚಿನದ್ದು ಮೂಲೆ ಮನೆ. ಮೇಜಿನ ಅಡಿಯಲ್ಲಿ ಒಂದು ಮೊಳೆ ಇದೆ. ಅದಕ್ಕೆ ಮೂರು ಮನೆಯ ಬೀಗದ ಕೈ ತೂಗುತ್ತಿರುತ್ತವೆ.

ಹೋದ ವರ್ಷ ಮಳೆಗಾಲದಲ್ಲಿ ನಡೆದದ್ದನ್ನು ಅವರೇ ಹೇಳಿದರು. ಆ ಸಾಲಿನ ಒಂದು ಮನೆಯಲ್ಲಿ ಅಜ್ಜಿ ಒಬ್ಬರೇ ಇರುತ್ತಾರೆ. ಮಗ ಊರ ಆ ತುದಿಯಲ್ಲಿ. ಅಜ್ಜಿ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು, ಪಾರಿಜಾತದ ಬುಡದಲ್ಲಿ ಬಿದ್ದ ಹೂವು ಆರಿಸಿ, ಇಸ್ತ್ರಿ ಅಕ್ಕನಿಗೆ ಒಂದು ಲೋಟ ಕಾಫಿ ಕೊಡುವುದು ವಾಡಿಕೆ. ಅವತ್ತು ಒಂಬತ್ತಾದರೂ ಬಾಗಿಲು ತೆಗೆದಿರಲಿಲ್ಲ.

'ಹೂವೆಲ್ಲಾ ಹಂಗೇ ಬಿದ್ದಿತ್ತು ಕಣಮ್ಮ. ನಂಗೆ ಕೈ ಓಡ್ಲಿಲ್ಲ. ಪೆಟ್ಟಿಗೆ ಪಕ್ಕಕ್ಕಿಟ್ಟು ಹೋಗಿ ಬಾಗಿಲು ಬಡಿದೆ.'

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮೊಳೆಯಲ್ಲಿ ತೂಗುತ್ತಿದ್ದ ಬೀಗದ ಕೈ ಅವತ್ತು ಕೆಲಸಕ್ಕೆ ಬಂತು. ಎದುರು ಸಾಲಿನ ಹುಡುಗ ಆಟೋ ತಂದ. ಮುಂದಿನ ರಸ್ತೆಯ ಮನೆಗಳಿಗೆ ವಿಷಯ ತಿಳಿದದ್ದು ಸಂಜೆಗೆ.

ಮುಂಬಾಗಿಲಿನಲ್ಲಿ ನಾವು ಸಿದ್ಧರಾಗಿ ಕಾಣಿಸಿಕೊಳ್ಳುತ್ತೇವೆ. ಹಿತ್ತಲಲ್ಲಿ ಹೇಗಿದ್ದೇವೋ ಹಾಗೆ ಇರುತ್ತೇವೆ. ಪಾತ್ರೆ ತೊಳೆಯುವುದು, ಬಟ್ಟೆ ಒಣ ಹಾಕುವುದು, ಕರಿಬೇವು ಕೀಳುವುದು, ಹಪ್ಪಳ ಹರವುವುದು ಎಲ್ಲಾ ಅಲ್ಲೇ. ಮುಂಬಾಗಿಲು ಒಂದು ದಿನ ಮುಚ್ಚಿದ್ದರೆ ಎಲ್ಲೋ ಹೋಗಿದ್ದಾರೆ ಅಂದುಕೊಳ್ಳುತ್ತೇವೆ. ಹಿತ್ತಲ ಬಾಗಿಲು ಒಂದು ಹೊತ್ತು ಮುಚ್ಚಿದ್ದರೂ ಏನೋ ಆಗಿದೆ ಅಂತ ಗೊತ್ತಾಗಿಬಿಡುತ್ತದೆ. ಕನ್ಸರ್ವೆನ್ಸಿಯ ಒಡನಾಟ ನಿಂತಿರುವುದು ಈ ಬಾಗಿಲುಗಳ ಮೇಲೆ. ಮರ, ನೆರಳು, ಕಲ್ಲು ಚಪ್ಪಡಿಯ ಚೆಂದ ಎಲ್ಲಾ ಆಮೇಲಿನದ್ದು.

ಆದರೆ ಈ ಚೆಂದದ ಮಾತನ್ನು ಮುಂದುವರಿಸುವ ಮೊದಲು ಇನ್ನೊಂದನ್ನು ಹೇಳಲೇಬೇಕು. ಈ ದಾರಿಗಳನ್ನು ಯಾಕೆ ಬಿಟ್ಟರು ಅನ್ನುವುದು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದವು. ಗಾಳಿಯಿಲ್ಲ, ಬೆಳಕಿಲ್ಲ. ಜನ ಊರು ಬಿಟ್ಟು ಓಡಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಜನೆ ಅದಕ್ಕೂ ಮೊದಲೇ ಶುರುವಾಗಿತ್ತು. ಪ್ಲೇಗ್ ಅದಕ್ಕೆ ಅವಸರ ತಂದಿತು. ನೇರ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ. ಆಗ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್. ಬಸವನಗುಡಿಯ ಮಾಧವರಾವ್ ಸರ್ಕಲ್ ಅವರ ಹೆಸರಿನದ್ದೇ. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅಲ್ಲಿಯೂ ಹೊಸ ಬಡಾವಣೆಗಳು ಎದ್ದವು.

ಆ ಕಾಲಕ್ಕೆ ಒಳಚರಂಡಿ ಇರಲಿಲ್ಲ. ಹಿತ್ತಲ ಕೊನೆಯಲ್ಲಿ ಕಕ್ಕಸು. ಅದರ ಹಿಂದಿನ ಗೋಡೆಯಲ್ಲಿ, ಕೆಳಗೆ, ಒಂದು ಸಣ್ಣ ಬಾಗಿಲು. ಬೆಳಕು ಹರಿಯುವ ಮೊದಲು ಒಬ್ಬರು ಬಂದು, ಆ ಬಾಗಿಲಿನಿಂದ ಮಲ ಬಾಚಿ, ಬುಟ್ಟಿಗೋ ಬಕೆಟ್ಟಿಗೋ ತುಂಬಿ, ಹೊತ್ತು ಗಾಡಿಗೆ ಸುರಿಯಬೇಕಿತ್ತು. ಅವರು ಮನೆಯ ಒಳಗೆ ಬರಬಾರದು, ಮುಂದಿನ ರಸ್ತೆಯಲ್ಲಿ ಕಾಣಬಾರದು. ಅದಕ್ಕೇ ಅವರಿಗೊಂದು ದಾರಿ. ಜಾತಿಯನ್ನು ನಕ್ಷೆಯಲ್ಲೇ ಗೆರೆ ಎಳೆದು ಕೂರಿಸಿದ ಹಾಗೆ ಅದು. 'ಕನ್ಸರ್ವೆನ್ಸಿ' ಅನ್ನುವ ಇಂಗ್ಲಿಷ್ ಪದಕ್ಕೆ ಆ ಕಾಲದ ಆಡಳಿತದಲ್ಲಿ ಇದ್ದ ಅರ್ಥವೇ ಊರಿನ ನೈರ್ಮಲ್ಯದ ಕೆಲಸ.

ನನ್ನ ಅಜ್ಜನ ತಲೆಮಾರಿನವರು ಈ ವಿಷಯ ಬಂದರೆ ಮಾತು ಬದಲಿಸುತ್ತಿದ್ದರು. ನಾವು ಬದಲಿಸಬಾರದು. ಕನ್ಸರ್ವೆನ್ಸಿಯ ಸೊಬಗನ್ನು ಬರೆಯುವವರು ಆ ಸಣ್ಣ ಬಾಗಿಲನ್ನು ಬಿಟ್ಟು ಬರೆದರೆ ಅರ್ಧ ಸತ್ಯ ಮಾತ್ರ ಬರೆದ ಹಾಗೆ. ಹಳೆಯ ಗೋಡೆಗಳಲ್ಲಿ ಅಲ್ಲಲ್ಲಿ ಅದರ ಗುರುತು ಇನ್ನೂ ಇದೆ. ನೆಲಮಟ್ಟಕ್ಕೆ ಒಂದು ಚೌಕ, ಇಟ್ಟಿಗೆ ತುಂಬಿ ಮುಚ್ಚಿದ್ದು. ಸುತ್ತಲಿನ ಗಾರೆಗಿಂತ ಬಣ್ಣ ಸ್ವಲ್ಪ ಬೇರೆ.

1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಇನ್ನೂ ಬಿಗಿಯಾದದ್ದು 2013ರಲ್ಲಿ. ಅಂದರೆ ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಎಷ್ಟೋ ವರ್ಷ ಮುಂದೆ ಇತ್ತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಏನಾಯಿತು ನೆನಪಿದೆಯಲ್ಲ. ಅದೇ ಕೆಲಸ ಮಾಡಿಕೊಂಡು ಬಂದಿದ್ದ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ, ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಊರನ್ನು ಶುಚಿ ಮಾಡಿದವರಿಗೆ ಊರಲ್ಲಿ ಜಾಗವಿಲ್ಲ ಅನ್ನುವ ಮಾತು ಅದು. ಇದನ್ನು ಇಲ್ಲಿ ಯಾಕೆ ತಂದೆ ಅನ್ನುವುದು ಮುಂದೆ ತಿಳಿಯುತ್ತದೆ.

ಒಳಚರಂಡಿ ಬಂತು. ಕಕ್ಕಸು ಮನೆಯೊಳಗೆ ಬಂತು. 1964ರಲ್ಲಿ ಬೆಂಗಳೂರಿಗೆ ಜಲಮಂಡಳಿ ಆಯಿತು. ಕನ್ಸರ್ವೆನ್ಸಿಗೆ ಯಾವ ಕೆಲಸಕ್ಕೆ ಅಂತ ಇಟ್ಟಿದ್ದರೋ ಆ ಕೆಲಸ ನಿಂತುಹೋಯಿತು. ಜಾಗ ಮಾತ್ರ ಉಳಿಯಿತು.

ಆಗ ಅಲ್ಲಿಗೆ ಬೇರೆಯವರು ಬಂದರು. ಮುಂದಿನ ರಸ್ತೆಯಲ್ಲಿ ಜಾಗ ಸಿಗದವರು. ಇಸ್ತ್ರಿಯವರು, ಸೈಕಲ್ ಪಂಚರ್ ಹಾಕುವವರು, ಹಳೆ ಪೇಪರ್ ತೂಕಕ್ಕೆ ಕೊಳ್ಳುವವರು, ಬುಟ್ಟಿ ಇಟ್ಟುಕೊಂಡು ಹೂವು ಕಟ್ಟುವವರು. ಮಕ್ಕಳೂ ಬಂದರು. ಲಗೋರಿ, ಗೋಲಿ, ಕುಂಟೆಬಿಲ್ಲೆ, ಆಮೇಲೆ ಟೆನಿಸ್ ಬಾಲ್ ಕ್ರಿಕೆಟ್. ಚೆಂಡು ಕಾಂಪೌಂಡ್ ಒಳಗೆ ಬಿದ್ದರೆ ಔಟ್ ಅನ್ನುವ ನಿಯಮ ಹುಟ್ಟಿದ್ದೇ ಇಂಥ ಕಡೆ ಇರಬೇಕು. ಎರಡು ಸಾಲಿನ ಹೆಂಗಸರು ಮಾತಾಡಿಕೊಂಡದ್ದೂ ಇಲ್ಲೇ. ಮುಂಬಾಗಿಲಿಗೆ ಬೇರೆ ಬೇರೆ ಅಡ್ಡರಸ್ತೆ, ಆದರೆ ಅಡುಗೆಮನೆಗೆ ಅಡುಗೆಮನೆ ಎದುರುಬದುರು. ಹಬ್ಬದ ದಿನ ಒಬ್ಬಟ್ಟು ಹೋದದ್ದೂ, ಬಟ್ಟಲು ಖಾಲಿ ಬರಬಾರದು ಅಂತ ಅದರಲ್ಲಿ ಎರಡು ನಿಂಬೆಹಣ್ಣು ಬಂದದ್ದೂ ಹಿತ್ತಲ ಬಾಗಿಲಿನಿಂದಲೇ.

ಯಾರ ಹೆಸರಿಗೂ ಇಲ್ಲದ್ದರಿಂದ ಅದು ಎಲ್ಲರದ್ದೂ ಆಯಿತು. ದೊಡ್ಡ ಪಾರ್ಕಿಗೆ ಗೇಟಿದೆ, ಸಮಯವಿದೆ, ಬೋರ್ಡ್ ಇದೆ. ಇಲ್ಲಿ ಅವೇನೂ ಇಲ್ಲ. ಬಾಡಿಗೆ ಕೊಡಲಾಗದವರಿಗೆ ಊರ ನಡುವೆ ನಾಲ್ಕಡಿ ನೆರಳು ಸಿಕ್ಕಿತು. ಅವರು ದಿನವಿಡೀ ಅಲ್ಲಿ ಇರುವುದರಿಂದ ಮನೆಯವರಿಗೆ ಎರಡು ಕಣ್ಣು ಹೆಚ್ಚಿಗೆ ಸಿಕ್ಕಿದವು. ಕೊಡು-ತೆಗೆದುಕೊಳ್ಳುವ ಈ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎರಡೂ ಕಡೆಯವರಿಗೆ ಬಾಯಿಪಾಠ.

ಈಗ ಅದು ಹೋಗುತ್ತಿರುವುದು ಹೇಗೆ?

ಕಾರು, ಬೈಕು ಅಂತ ಎಲ್ಲರೂ ಮೊದಲು ಹೇಳುತ್ತಾರೆ. ನಿಜ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅವು ನಿಲ್ಲಲು ಜಾಗ ಬೇಕು. ಮುಂದಿನ ರಸ್ತೆ ತುಂಬಿದ ಮೇಲೆ ಹಿಂದಕ್ಕೆ ಬರುತ್ತವೆ. ಒಂದು ಕಾರು ನಿಂತರೆ ಕನ್ಸರ್ವೆನ್ಸಿ ಮುಚ್ಚಿದ ಹಾಗೆಯೇ. ಅಷ್ಟೇ ಅದರ ಅಗಲ.

ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬೀಳುತ್ತಿದೆ. ಹಳೆ ಮನೆ ಒಡೆದು ನಾಲ್ಕು ಮಹಡಿ ಕಟ್ಟುವಾಗ ಹಿತ್ತಲು ಅನ್ನುವುದೇ ಇರುವುದಿಲ್ಲ. ಕೆಳಗೆ ಪೂರ್ತಿ ಪಾರ್ಕಿಂಗ್. ಹಿಂದೆ ಎತ್ತರದ ಗೋಡೆ. ಗೋಡೆ ಆಚೆಗೆ ಏಸಿ ಪೆಟ್ಟಿಗೆಗಳು, ಅವುಗಳ ಬಿಸಿಗಾಳಿ, ತೊಟ್ಟಿಕ್ಕುವ ನೀರು. ಬಾಗಿಲು ಇಲ್ಲ. ಒಂದು ಮನೆ ಹೀಗಾದರೆ ಗೊತ್ತಾಗುವುದಿಲ್ಲ. ಒಂದು ಸಾಲಿನಲ್ಲಿ ನಾಲ್ಕೈದು ಮನೆ ಹೀಗಾದರೆ ಆ ತುಂಡಿನಲ್ಲಿ ನೋಡುವವರೇ ಇರುವುದಿಲ್ಲ.

ನೋಡುವವರು ಇಲ್ಲದ ಕಡೆ ಕಸ ಬೀಳುತ್ತದೆ. ಬೆಂಗಳೂರಿನವರಿಗೆ 'ಬ್ಲ್ಯಾಕ್ ಸ್ಪಾಟ್' ಅನ್ನುವ ಪದ ಹೊಸದಲ್ಲ. ರಾತ್ರಿ ಯಾರೋ ಸ್ಕೂಟರಿನಲ್ಲಿ ಬಂದು ಕವರ್ ಎಸೆದು ಹೋಗುವ ಜಾಗ. ಪೌರಕಾರ್ಮಿಕರು ಬೆಳಿಗ್ಗೆ ಎತ್ತುತ್ತಾರೆ, ಮರುದಿನ ಮತ್ತೆ ಬಿದ್ದಿರುತ್ತದೆ. ನೀವೇ ಒಂದು ಸಲ ಕನ್ಸರ್ವೆನ್ಸಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ಹಿತ್ತಲ ಬಾಗಿಲು ಇರುವ ಕಡೆ ರಂಗೋಲಿ, ಕುಂಡ, ತುಳಸಿ ಕಾಣುತ್ತವೆ. ಬಾಗಿಲಿಲ್ಲದ ಗೋಡೆ ಶುರುವಾಗುವಲ್ಲಿಂದ ಕಸ, ಮೂತ್ರದ ವಾಸನೆ, ಒಡೆದ ಕಮೋಡ್, ಕಟ್ಟಡದ ಡೆಬ್ರಿಸ್. ಆಮೇಲೆ ಮನೆಯವರು 'ಹಿಂದೆ ತುಂಬಾ ಗಲೀಜು' ಅಂತ ಇದ್ದ ಬಾಗಿಲನ್ನೂ ಮುಚ್ಚಿಸುತ್ತಾರೆ. ಗಲೀಜು ಇನ್ನೂ ಜಾಸ್ತಿಯಾಗುತ್ತದೆ. ಕೊನೆಗೆ ಯಾರೋ ಒಬ್ಬರು ಎರಡೂ ತುದಿಗೆ ಗೇಟ್ ಹಾಕಿಸುತ್ತಾರೆ. ಇಲ್ಲವೇ ತಮ್ಮ ಮನೆಯ ಹಿಂದಿನ ತುಂಡಿಗೆ ಶೀಟ್ ಹೊದಿಸಿ ಶೆಡ್ ಮಾಡಿಕೊಳ್ಳುತ್ತಾರೆ. ಸಾರ್ವಜನಿಕ ಜಾಗ ಅಲ್ಲಿಗೆ ಮುಗಿಯಿತು.

ಈಚಿನ ವರ್ಷಗಳಲ್ಲಿ ಒಂದು ಒಳ್ಳೆಯ ಬೆಳವಣಿಗೆಯೂ ಆಗಿದೆ. ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿಗಳನ್ನು ನಿವಾಸಿಗಳು, ನಗರ ವಿನ್ಯಾಸ ಮಾಡುವವರು, ಕಲಾವಿದರು ಸೇರಿ ಶುಚಿ ಮಾಡಿದರು. ಗೋಡೆಗೆ ಚಿತ್ರ ಬಿಡಿಸಿದರು. ನಡೆಯಲು, ಕೂರಲು ಆಗುವ ಹಾಗೆ ಮಾಡಿದರು. ನಾನು ಹೋಗಿ ನೋಡಿದ್ದೇನೆ. ಬಣ್ಣದ ಗೋಡೆಯ ಮುಂದೆ ಶಾಲೆ ಮಕ್ಕಳು ನಿಂತು ನೋಡುವುದನ್ನು ಕಂಡು ಖುಷಿಯಾಯಿತು. ಹಾಳು ಬಿದ್ದಿದ್ದನ್ನು ಯಾರೋ ಮನಸ್ಸಿಗೆ ಹಚ್ಚಿಕೊಂಡು ಎತ್ತಿಕೊಂಡರಲ್ಲ, ಅದು ಸಣ್ಣ ಮಾತಲ್ಲ.

ಆದರೆ ಬಣ್ಣ ಮಳೆಗೆ ಹೋಗುತ್ತದೆ. ಬಾಗಿಲಿಲ್ಲದ ಗೋಡೆಗೆ ಎಷ್ಟು ಚೆಂದದ ಚಿತ್ರ ಬಿಡಿಸಿದರೂ ಅದರ ಕೆಳಗೆ ಕಸ ಬೀಳುವುದು ನಿಲ್ಲಬೇಕಾದರೆ ಅಲ್ಲಿ ದಿನಾ ಇರುವ ಮನುಷ್ಯರು ಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಎಷ್ಟೋ ಹಿಂದಿನ ಓಣಿಗಳು ನಮ್ಮ ಕನ್ಸರ್ವೆನ್ಸಿಯ ಹಾಗೇ ಮಲ ಸಾಗಿಸುವ ಗಾಡಿಗಳು ಓಡಾಡುತ್ತಿದ್ದ ದಾರಿಗಳು. 1890ರ ದಶಕದ ಕೊನೆಗೆ ಅಲ್ಲಿ ಒಳಚರಂಡಿ ಬಂತು, ಓಣಿಗಳ ಕೆಲಸ ಮುಗಿಯಿತು. ಎಷ್ಟೋ ದಶಕ ಕಸದ ತೊಟ್ಟಿ ಇಡುವ ಜಾಗವಾಗಿದ್ದವು. 1980, 90ರ ದಶಕಗಳಲ್ಲಿ ನಗರದ ನಡುಭಾಗಕ್ಕೆ ಜನರನ್ನು ಮತ್ತೆ ಕರೆತರುವ ಕೆಲಸ ಶುರುವಾದಾಗ ಈ ಓಣಿಗಳಿಗೆ ಸಣ್ಣ ಸಣ್ಣ ಕಾಫಿ ಅಂಗಡಿಗಳು ಬಂದವು. ಈಗ ಹೋಸಿಯರ್ ಲೇನ್‌ನ ಗೋಡೆ ಚಿತ್ರ ನೋಡಲು ಪ್ರಪಂಚದ ಎಲ್ಲೆಡೆಯಿಂದ ಬರುತ್ತಾರೆ. ಎಲ್ಲರೂ ಚಿತ್ರದ ಫೋಟೋ ತೆಗೆಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಓಣಿಯ ಕಡೆಗೆ ಕಟ್ಟಡಗಳು ಕುರುಡು ಗೋಡೆ ಎಬ್ಬಿಸದೆ ಬಾಗಿಲು, ಕಿಟಕಿ ಇಡಬೇಕು ಅನ್ನುವುದಕ್ಕೆ ಅಲ್ಲಿನ ಪಾಲಿಕೆ ತನ್ನ ಯೋಜನೆಯಲ್ಲೇ ಒತ್ತು ಕೊಟ್ಟಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಇನ್ನೂ ಸರಳ. ಹಿಂದಿನ ಓಣಿಯ ಮನೆಯವರೇ ಒಂದು ಸಮಿತಿ ಮಾಡಿಕೊಂಡು, ಪಾಲಿಕೆಯ ನೆರವಿನಿಂದ ಡಾಂಬರು ಕಿತ್ತು ಗಿಡ ನೆಡುತ್ತಾರೆ. ಅಮೆರಿಕದ ಶಿಕಾಗೋದಲ್ಲಿ ಸುಮಾರು 1,900 ಮೈಲು ಉದ್ದದ ಓಣಿಗಳಿವೆ. ಮಳೆ ನೀರು ನೆಲಕ್ಕೆ ಇಳಿಯುವಂಥ ಹಾಸನ್ನು ಅವುಗಳಿಗೆ ಹಾಕುವ ಕೆಲಸ 2006ರಿಂದ ನಡೆದಿದೆ. ಒಂದು ಗಂಟೆ ಮಳೆ ಬಿದ್ದರೆ ಮುಳುಗುವ ನಮ್ಮೂರಲ್ಲಿ ಕನ್ಸರ್ವೆನ್ಸಿಗೂ ಮೂಲೆಯಿಂದ ಮೂಲೆಗೆ ಕಾಂಕ್ರೀಟ್ ಸುರಿಯುತ್ತಿದ್ದೇವೆ. ಆ ನೀರು ಎಲ್ಲಿಗೆ ಹೋಗಬೇಕು?

ಮೆಲ್ಬರ್ನ್‌ನಿಂದ ಕಲಿಯುವಾಗ ಒಂದು ಎಚ್ಚರಿಕೆಯೂ ಬೇಕು. ಓಣಿ ಚೆಂದವಾದರೆ ಅದಕ್ಕೆ ಬೆಲೆ ಬರುತ್ತದೆ. ಬೆಲೆ ಬಂದರೆ, ಅಲ್ಲಿವರೆಗೆ ಅಲ್ಲಿ ಇದ್ದವರು 'ಅಡ್ಡ' ಅನ್ನಿಸಲು ಶುರುವಾಗುತ್ತಾರೆ. ಸವಣೂರನ್ನು ನಾನು ನೆನೆದದ್ದು ಇದಕ್ಕೇ. ಕನ್ಸರ್ವೆನ್ಸಿ ಹೊಲಸಾಗಿದ್ದಾಗ ಅದರಲ್ಲಿ ಕೆಲಸ ಮಾಡಿದವರಿಗೆ ಅಲ್ಲಿ ಹಕ್ಕು ಇರಲಿಲ್ಲ. ಈಗ ಅದು ಚೊಕ್ಕಟವಾಗುವಾಗಲೂ ಇಸ್ತ್ರಿ ಮೇಜು, ಹೂವಿನ ಬುಟ್ಟಿ, ಹಳೆ ಪೇಪರ್ ತಕ್ಕಡಿಯನ್ನು ಎಬ್ಬಿಸಿ ಅಲ್ಲಿ ಬೆಂಚು, ಕುಂಡ ಇಟ್ಟರೆ ನಾವು ಮಾಡಿದ ಹಳೆಯ ತಪ್ಪನ್ನೇ ಬಣ್ಣ ಬಳಿದು ಮತ್ತೆ ಮಾಡಿದ ಹಾಗೆ.

ಇದಕ್ಕೆ ಕಾನೂನು ಇಲ್ಲದಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸ್ಪಷ್ಟವಾಗಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಲ್ಲಿ ವ್ಯಾಪಾರ ಮಾಡಬಹುದು ಎಂದು ತೀರ್ಮಾನಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆದರೆ ಕನ್ಸರ್ವೆನ್ಸಿಯ ವಿಷಯಕ್ಕೆ ಕರೆಯುವ ಸಭೆಗಳಲ್ಲಿ ನಾನು ಕಂಡದ್ದು ಮನೆ ಮಾಲೀಕರನ್ನು ಮಾತ್ರ. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಸಭೆ ಇಟ್ಟರೆ ಇಸ್ತ್ರಿ ಅಕ್ಕ ಹೇಗೆ ಬರುತ್ತಾರೆ? ಅದು ಅವರ ಕೆಲಸದ ಹೊತ್ತು. ಮೇಜಿನ ಹತ್ತಿರವೇ ನಿಂತು ಕೇಳಿದರೆ ಐದು ನಿಮಿಷದ ಕೆಲಸ.

ನಾನು ಕೇಳಿದೆ. ಏನು ಬೇಕು ಅಂತ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

'ಮೋರಿ ಮೇಲೆ ಚಪ್ಪಡಿ ಸರಿಯಾಗಿ ಹಾಕಿಸ್ಲಿ. ಆ ತುದೀಲಿ ಒಂದು ಲೈಟು. ಒಂದು ನಲ್ಲಿ. ಮತ್ತೆ…' ಅಂದು ನಿಲ್ಲಿಸಿದರು. ಆಮೇಲೆ ಮೆಲ್ಲಗೆ, 'ಹೆಂಗಸ್ರಿಗೆ ಹೋಗೋಕೆ ಒಂದು ಜಾಗ. ನಾನು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ' ಅಂದರು.

ಊರಿನ ಮಲ ಹೊರಲೆಂದು ಮಾಡಿದ ದಾರಿಯಲ್ಲಿ ದುಡಿಯುವ ಹೆಂಗಸಿಗೆ ಈಗ ಶೌಚಾಲಯವಿಲ್ಲ. ನಾಲ್ಕು ಬೇಡಿಕೆಯಲ್ಲಿ ಒಂದೂ ಬಣ್ಣದ್ದಲ್ಲ. ಬಣ್ಣ ಬೇಡ ಅಂತ ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮೊದಲು ಮೋರಿ, ದೀಪ, ನಲ್ಲಿ, ಶೌಚಾಲಯ ಆಗಲಿ. ಆಮೇಲೆ ಚಿತ್ರ ಬಿಡಿಸೋಣ, ನಾನೂ ಬಂದು ಬ್ರಷ್ ಹಿಡಿಯುತ್ತೇನೆ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಒಂದರ ಬದಲು ಐದು ಪಾಲಿಕೆಗಳು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಸುರಂಗ ರಸ್ತೆ, ಮೇಲ್ಸೇತುವೆಗಳ ಮಾತು ದಿನಾ ಕೇಳುತ್ತೇವೆ. ಚಿಕ್ಕ ಪಾಲಿಕೆಯಾದರೆ ಚಿಕ್ಕ ವಿಷಯ ಕಣ್ಣಿಗೆ ಬೀಳಬೇಕು, ಅಲ್ವಾ? ತಮ್ಮ ವ್ಯಾಪ್ತಿಯ ಕನ್ಸರ್ವೆನ್ಸಿಗಳು ಎಷ್ಟು, ಯಾವುದರಲ್ಲಿ ಒತ್ತುವರಿ ಆಗಿದೆ, ಯಾರು ಅಲ್ಲಿ ದುಡಿಯುತ್ತಿದ್ದಾರೆ ಅಂತ ಒಂದು ಪಟ್ಟಿ ಮಾಡುವುದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಹಳೆಯ ಬಡಾವಣೆಯಲ್ಲಿ ಹೊಸ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವಾಗ ಕನ್ಸರ್ವೆನ್ಸಿ ಕಡೆಗೆ ಒಂದು ಬಾಗಿಲು, ಒಂದು ಕಿಟಕಿ ಇರಲೇಬೇಕು ಅಂತ ಒಂದು ಸಾಲು ಸೇರಿಸಿದರೆ ಸಾಕು. ಹತ್ತು ವರ್ಷದಲ್ಲಿ ಎಷ್ಟೋ ಓಣಿಗಳ ಗತಿ ಬದಲಾಗುತ್ತದೆ.

ಭದ್ರತೆಯ ಪ್ರಶ್ನೆಯನ್ನು ಕೆಲವರು ಎತ್ತುತ್ತಾರೆ. ಹಿಂದೆ ಬಾಗಿಲು ಇದ್ದರೆ ಕಳ್ಳರಿಗೆ ದಾರಿ ಅಂತ. ಭಯ ಸುಳ್ಳಲ್ಲ, ಅದರಲ್ಲೂ ವಯಸ್ಸಾದವರು ಇರುವ ಮನೆಯಲ್ಲಿ. ಗಟ್ಟಿ ಬಾಗಿಲು, ಗ್ರಿಲ್ ಹಾಕಿಸಿಕೊಳ್ಳಲಿ. ಆದರೆ ಯಾರೂ ಓಡಾಡದ, ಎರಡೂ ಕಡೆ ಗೋಡೆ ಇರುವ ಕತ್ತಲ ಸಂದಿ ಹಿಂದೆ ಇರುವುದಕ್ಕಿಂತ, ದಿನವಿಡೀ ಗುರುತಿನವರು ಕೂತಿರುವ ಓಣಿ ಇರುವುದು ಹೆಚ್ಚು ಕ್ಷೇಮ. ಅಜ್ಜಿಯ ಮನೆಯ ಬೀಗದ ಕೈ ಎಲ್ಲಿ ತೂಗುತ್ತಿತ್ತು ಅನ್ನುವುದನ್ನು ನೆನಪಿಸಿಕೊಳ್ಳಿ.

ಆ ಅಜ್ಜಿ ಈಗ ಚೇತರಿಸಿಕೊಂಡಿದ್ದಾರೆ. ಕೈಯಲ್ಲಿ ಕೋಲು ಬಂದಿದೆ. ಹೋದ ತಿಂಗಳು ಹೋದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು ಪಾರಿಜಾತ ಪೋಣಿಸುತ್ತಿದ್ದರು. ಅವರ ಮನೆಯೂ ಬಿಲ್ಡರ್ ಕೈಗೆ ಹೋಗಲಿದೆಯಂತೆ. ಜಾಯಿಂಟ್ ಡೆವಲಪ್‌ಮೆಂಟ್. ಎರಡು ಫ್ಲ್ಯಾಟ್ ಇವರಿಗೆ, ಎರಡು ಅವರಿಗೆ. ಮಗ ತಂದುಕೊಟ್ಟ ನಕ್ಷೆಯನ್ನು ಒಳಗಿಂದ ತರಿಸಿ ನನ್ನ ಮುಂದೆ ಬಿಡಿಸಿದರು. ಮುಂದೆ ಲಿಫ್ಟು, ಕೆಳಗೆ ನಾಲ್ಕು ಕಾರು, ಹಿಂದೆ ಪಂಪ್ ರೂಮು, ಅದರಾಚೆ ಗೋಡೆ. ಗೋಡೆಯ ಗೆರೆಯ ಮೇಲೆ ಒಂದು ಕಡೆ ಪೆನ್ಸಿಲಿನಲ್ಲಿ ಸಣ್ಣ ಸುತ್ತು ಹಾಕಿದ್ದರು.

'ಇಲ್ಲೊಂದು ಬಾಗಿಲು ಇಡಿ ಅಂದಿದೀನಿ. ಬಿಲ್ಡರು ಆಗಲ್ಲ ಅಂತಾನೆ. ಮಗ ನೋಡೋಣ ಅಂತಾನೆ' ಅಂದರು. 'ಬಾಗಿಲು ಬರೆಯೋವರ್ಗೂ ನಾನು ಸೈನ್ ಹಾಕಲ್ಲ.'

ಹೂವಿನ ಮಾಲೆಯನ್ನು ಎರಡು ತುಂಡು ಮಾಡಿದರು. ಒಂದನ್ನು ದೇವರಿಗೆ ಇಟ್ಟುಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟು, ಹೋಗುವಾಗ ಇಸ್ತ್ರಿ ಮೇಜಿನ ಹತ್ತಿರ ಕೊಟ್ಟು ಹೋಗು ಅಂದರು.